ಹೊಲಿಯದೆ ಉಳಿದ ಕಾನ್ಸಾಸ್

ನುಸಿಗುಳಿಗೆಯ ವಾಸನೆ ನನಗೆ ಮೊದಲಿನಿಂದಲೂ ಆಗದು. ಕಳೆದ ವಾರ ಮಗಳ ಜನನ ಪತ್ರ ಹುಡುಕಲು ಅಲಮಾರಿಯ ಮೇಲಿದ್ದ ಬಿಸ್ಕತ್ತಿನ ಹಳೆಯ ಡಬ್ಬ ಇಳಿಸಿದಾಗ ಆ ವಾಸನೆ ಮೂಗಿಗೆ ಬಡಿಯಿತು. ಗಲ್ಫಿನ ಎಗೈಲಾದ ಈ ಫ್ಲ್ಯಾಟಿನಲ್ಲಿ ನಮ್ಮ ಮುಖ್ಯ ಕಾಗದಗಳೆಲ್ಲ ಇರುವುದು ಆ ಡಬ್ಬದಲ್ಲೇ. ಮೇಲಿದ್ದ ನಾಲ್ಕು ಪಾಸ್‌ಪೋರ್ಟುಗಳನ್ನು ತೆಗೆದು ಮಂಚದ ಮೇಲಿಟ್ಟರೆ, ಅಡಿಯಲ್ಲಿ ಅಂಗೈಯಗಲದ ಎರಡು ಬಟ್ಟೆಯ ತುಂಡುಗಳು. ಒಂದು ಬಿಳಿ, ಒಂದು ಕಂದು. ಎರಡನ್ನೂ ಸೇರಿಸಿ ಹಾಕಿದ ಪಿನ್ನು ತುಕ್ಕು ಹಿಡಿದು ಬಿಳಿಯ ಮೇಲೆ ಕಲೆ ಮಾಡಿತ್ತು.

"ವಾಟ್ಸ್ ದಿಸ್, ಮಮ್ಮಾ?" ಎಂದಳು ಮಗಳು.

"ಕಾನ್ಸಾಸ್," ಎಂದೆ.

ಅವಳು ನಕ್ಕಳು. ಅಮೆರಿಕನ್ ಶಾಲೆಯಲ್ಲಿ ಓದುವವಳು, ಕಾನ್ಸಾಸ್ ಎಲ್ಲಿದೆಯೆಂದು ಅವಳಿಗೆ ಚೆನ್ನಾಗಿ ಗೊತ್ತು. ನನ್ನ ಕಾನ್ಸಾಸ್ ಮಾತ್ರ ಇದೇ, ಇಪ್ಪತ್ತೈದು ವರ್ಷದಿಂದ. ಅದನ್ನು ನನ್ನ ಕೈಗೆ ಕೊಟ್ಟವರು ನನ್ನ ಹಿಸ್ಟರಿ ಟೀಚರ್. ಅವರ ಕುರಿತು ಇಲ್ಲಿಯ ನಮ್ಮವರು ಯಾರೂ ಮಾತಾಡುವುದಿಲ್ಲ. ಹಾಗಾಗಿ ನಾನೇ ಬರೆಯುತ್ತೇನೆ. ಓದಿ ಯಾರಾದರೂ ಮುಖ ಸಿಂಡರಿಸಿದರೆ ಸಿಂಡರಿಸಲಿ.

ಅವರು ಮೈಸೂರಿನ ಕಡೆಯವರು. ಗಂಡ ಇಲ್ಲೇ ಇಂಜಿನಿಯರ್. ನಾನು ಹನ್ನೊಂದನೇ ತರಗತಿಯಲ್ಲಿದ್ದಾಗ, ವರ್ಷದ ನಡುವೆ ಕೆಲಸ ಬಿಟ್ಟು ಹೋದ ಇನ್ನೊಬ್ಬರ ಜಾಗಕ್ಕೆ ನಮ್ಮ ಇಂಡಿಯನ್ ಶಾಲೆಗೆ ಬಂದರು. ಸಣ್ಣ ಆಳು, ಗಟ್ಟಿ ದನಿ. ಮೊದಲ ದಿನವೇ ಚೀಲದಿಂದ ಒಂದು ಹೂವಿನ ಬೆಡ್‌ಶೀಟ್ ತೆಗೆದು ಬೋರ್ಡಿನ ಮೇಲೆ ನೇತುಹಾಕಿದಾಗ ನಾವು ಕಿಸಕ್ಕೆಂದು ನಕ್ಕಿದ್ದೆವು. ಅದೇ ಅಮೆರಿಕ. ಅರಬರ ಉದ್ದನೆಯ ನಿಲುವಂಗಿ ದಿಶ್‌ದಾಶಾ ಹೊಲಿಯುವ ದರ್ಜಿಯ ಅಂಗಡಿಯಿಂದ ಅವರು ಚೂರುಬಟ್ಟೆ ಕೇಳಿ ತಂದಿದ್ದರು. ಬೇಸಿಗೆಯ ಬಿಳಿ ಬಟ್ಟೆ ಗುಲಾಮಗಿರಿ ಇಲ್ಲದ ರಾಜ್ಯಗಳಿಗೆ, ಚಳಿಗಾಲದ ಕಂದು ಬಟ್ಟೆ ಗುಲಾಮರನ್ನು ಇಟ್ಟುಕೊಂಡ ರಾಜ್ಯಗಳಿಗೆ. ಪಾಠ ಮಾಡುತ್ತ ಮಾಡುತ್ತ ಸೂಜಿ ದಾರ ಹಿಡಿದು ಒಂದೊಂದೇ ನೆಲವನ್ನು ಆ ಹೂವುಗಳ ಮೇಲೆ ಹೊಲಿಯುತ್ತಿದ್ದರು.

"ಪುಸ್ತಕದಲ್ಲಿ ಖಾಲಿ ಜಾಗ ಅಂತಿದೆ. ಖಾಲಿ ಇರಲಿಲ್ಲ ಕಣ್ರೋ. ನಾನು ಮುಚ್ಚುತ್ತಾ ಇರೋ ಹೂವು ನೋಡ್ಕೊಳ್ಳಿ, ಅಲ್ಲಿ ಜನ ಇದ್ರು," ಎನ್ನುತ್ತಿದ್ದರು.

ಪಠ್ಯದಲ್ಲಿ ಅಮೆರಿಕಕ್ಕೆ ಇದ್ದದ್ದು ಕೆಲವೇ ಪುಟ. ಟೀಚರ್ ಅದನ್ನು ತಿಂಗಳುಗಟ್ಟಲೆ ಎಳೆದರು. ಫ್ರಾನ್ಸಿನಿಂದ ಕೊಂಡ ನೆಲ ಬಂತು, ಟೆಕ್ಸಸ್ ಬಂತು, ಮೆಕ್ಸಿಕೋದಿಂದ ಯುದ್ಧದಲ್ಲಿ ಕಿತ್ತುಕೊಂಡದ್ದು ಬಂತು. ಪ್ರತಿ ತುಂಡು ಹೊಲಿಯುವ ಮುಂಚೆ ಒಂದೇ ಪ್ರಶ್ನೆ: ಬಿಳಿಯೋ, ಕಂದೋ? ತರಗತಿಯನ್ನು ಎರಡು ಪಾಲು ಮಾಡಿ ವಾದಕ್ಕೆ ಬಿಡುತ್ತಿದ್ದರು. ನಾವು ನಿಜಕ್ಕೂ ಜಗಳವಾಡುತ್ತಿದ್ದೆವು, ಮಾತು ಬಿಡುವಷ್ಟು. ಒಮ್ಮೆ ಅವರು ಕೆಂಪು ದಾರದಲ್ಲಿ ಅಡ್ಡಗೆರೆ ಹೊಲಿದು, ಇದರ ಮೇಲೆ ಬಿಳಿ, ಕೆಳಗೆ ಕಂದು ಎಂದು ರಾಜಿ ಮಾಡಿಕೊಂಡದ್ದನ್ನು ತೋರಿಸಿದರು. ಸದ್ಯ, ಮುಗಿಯಿತಲ್ಲ ಎಂದುಕೊಂಡೆವು. ಮುಂದಿನ ವಾರ ಹೊಸ ನೆಲ ಬಂತು, ಜಗಳವೂ ಬಂತು. ನೆಲ ದೊಡ್ಡದಾದಷ್ಟೂ ಆ ದೇಶ ನಡುವೆ ಸೀಳುತ್ತ ಹೋದದ್ದು ನನಗೆ ಅರ್ಥವಾದದ್ದು ಆ ಬೆಡ್‌ಶೀಟಿನಿಂದಲೇ.

ಆಮೇಲೆ ಆ ಕಾನೂನಿನ ಪಾಠ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದವರು ಬಿಳಿ ಬಟ್ಟೆಯ ರಾಜ್ಯಕ್ಕೆ ಬಂದು ಸೇರಿದರೂ ಅವರನ್ನು ಹಿಡಿದು ಒಪ್ಪಿಸಬೇಕು ಎನ್ನುವ ಕಾನೂನು. "ಅಲ್ಲೀವರೆಗೆ ಉತ್ತರದವರು, ನಾವು ಯಾರನ್ನೂ ಇಟ್ಕೊಂಡಿಲ್ಲ, ನಮಗೇನು ಅಂತಿದ್ರು. ಇನ್ನು ಹಾಗನ್ನೋ ಹಾಗಿಲ್ಲ," ಎಂದರು ಟೀಚರ್.

ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, ಹಾಗಾದರೆ ಇಲ್ಲಿ ನಮ್ಮ ಮನೆಗಳಲ್ಲಿ ಕೆಲಸಕ್ಕಿರುವವರು ಗುಲಾಮರೇ ಎಂದು ಕೇಳಿಬಿಟ್ಟ. 

"ಅಲ್ಲ. ಅಲ್ಲಿ ಮನುಷ್ಯರನ್ನ ಕಟ್ಟೆ ಮೇಲೆ ನಿಲ್ಲಿಸಿ ಮಾರ್ತಿದ್ರು. ತಾಯಿ ಕೈಯಿಂದ ಮಗು ಕಿತ್ತು ಮಾರ್ತಿದ್ರು. ಎರಡನ್ನೂ ಒಂದು ಮಾಡಬೇಡ," ಎಂದವರು ಸೂಜಿಯನ್ನು ಬೆಡ್‌ಶೀಟಿಗೆ ಚುಚ್ಚಿಟ್ಟು ನಮ್ಮ ಕಡೆ ತಿರುಗಿದರು. "ಆದ್ರೆ ಒಂದು ಪ್ರಶ್ನೆ ಮನೆಗೆ ತಗೊಂಡು ಹೋಗಿ. ನಿಮ್ಮನೇಲಿ ಕೆಲಸ ಮಾಡೋರು ನಾಳೆ ಊರಿಗೆ ಹೋಗ್ತೀನಿ ಅಂದ್ರೆ, ಹೋಗಕ್ಕಾಗುತ್ತಾ?"

ನಮ್ಮ ಮನೆಯಲ್ಲಿ ಕೆಲಸಕ್ಕಿದ್ದವಳನ್ನು ನಾವು ಅಕ್ಕ ಎನ್ನುತ್ತಿದ್ದೆವು. ಕಡಪದ ಕಡೆಯವಳು, ನನ್ನ ತಮ್ಮನನ್ನು ಎತ್ತಿ ಆಡಿಸಿದವಳು. ಡ್ಯಾಡಿಯೇ ಅವಳ ಕಫೀಲ್, ಅಂದರೆ ಅವಳ ವೀಸಾ ಇದ್ದದ್ದು ಅವರ ಹೆಸರಿನಲ್ಲಿ. ಊರಿನಲ್ಲಿ ಅವಳ ತಾಯಿ ಹಾಸಿಗೆ ಹಿಡಿದಿದ್ದರು. ಒಮ್ಮೆ ಹೋಗಿ ನೋಡಿ ಬರುತ್ತೇನೆಂದು ಮೂರು ಸಲ ಕೇಳಿದ್ದಳು. ಕ್ರಿಸ್ಮಸ್ ಕಳೆಯಲಿ, ಮಗುವಿನ ಪರೀಕ್ಷೆ ಮುಗಿಯಲಿ, ಬೇಸಿಗೆ ಬರಲಿ ಎಂದು ಮಮ್ಮಿ ಮೂರು ಸಲ ಮುಂದೂಡಿದ್ದರು. ಅವಳ ಪಾಸ್‌ಪೋರ್ಟು ಇದ್ದದ್ದು ನಮ್ಮ ಆಲ್ತಾರಿನ, ಅಂದರೆ ಮನೆಯ ದೇವರ ಪೀಠದ, ಅಡಿಯ ಡ್ರಾಯರಿನಲ್ಲಿ, ಮಮ್ಮಿಯ ಚಿನ್ನದ ಜೊತೆ. ಅದರೆದುರಿಗೆ ಮೊಣಕಾಲೂರಿ ನಾವು ದಿನಾ ಸಂಜೆ ಜಪಮಾಲೆ ಹಿಡಿದು ರೊಜಾರಿ ಹೇಳುತ್ತಿದ್ದೆವು. ಅಕ್ಕ ಹಿಂದೆ ನಿಂತಿರುತ್ತಿದ್ದಳು.

ಆ ಸಂಜೆ ರೊಜಾರಿ ಮುಗಿದ ಮೇಲೆ ಕೇಳಿದೆ, ಅಕ್ಕನ ಪಾಸ್‌ಪೋರ್ಟು ನಮ್ಮ ಹತ್ತಿರ ಯಾಕೆ?

"ಎಂತ ಮಾತಾಡ್ತಿ ನೀನು? ಜೋಪಾನಕ್ಕೆ ಇಟ್ಟದ್ದು ಅದು. ಎಲ್ಲಿಯಾದ್ರೂ ಕಳೆದುಹೋದ್ರೆ ಅವಳಿಗೇ ತೊಂದರೆ ಅಲ್ವಾ?" ಎಂದರು ಡ್ಯಾಡಿ.

ಇಲ್ಲೊಂದು ಮಾತು ಹೇಳಲೇಬೇಕು. ಡ್ಯಾಡಿ ಶುವೈಖಿನಲ್ಲಿ ಒಂದು ಗೋದಾಮಿನ ಮೇಲ್ವಿಚಾರಕರಾಗಿದ್ದರು. ಅವರ ಸ್ವಂತ ಪಾಸ್‌ಪೋರ್ಟು ಅವರ ಮುದೀರನ ಕಪಾಟಿನಲ್ಲಿತ್ತು. ಇಲ್ಲಿಯ ವಾರದ ರಜೆಯಾದ ಶುಕ್ರವಾರ ಪ್ರತಿ ಸಲ ಊಟಕ್ಕೆ ಕೂತಾಗ, ನಾನೇನು ಕಳ್ಳನಾ ಎಂದು ಆ ಮ್ಯಾನೇಜರನನ್ನು ಬೈಯದೆ ಅವರಿಗೆ ಅನ್ನ ಇಳಿಯುತ್ತಿರಲಿಲ್ಲ.

"ನಿಮ್ಮ ಮುದೀರನೂ ಜೋಪಾನಕ್ಕೇ ಇಟ್ಟದ್ದಲ್ವಾ ಡ್ಯಾಡಿ?" ಎಂದೆ. ಕೆನ್ನೆಗೆ ಬಿತ್ತು. ಇವತ್ತಿಗೂ ಆ ಮಾತಿಗೆ ನನಗೆ ಪಶ್ಚಾತ್ತಾಪವಿಲ್ಲ.

ಇದನ್ನೆಲ್ಲ ತಲೆಗೆ ತುಂಬಿದ್ದು ಯಾರೆಂದು ಡ್ಯಾಡಿಗೆ ತಿಳಿಯುವುದು ಕಷ್ಟವಾಗಲಿಲ್ಲ. ಮರುದಿನವೇ ಶಾಲೆಗೆ ಹೋದರು. ಆಮೇಲೆ ಇನ್ನೂ ಕೆಲವು ತಂದೆತಾಯಿಯರು ಹೋದರು, ಆದರೆ ಮೊದಲು ಹೋದವರು ನನ್ನ ಡ್ಯಾಡಿ. ತರಗತಿಯ ಎದುರು ತಪ್ಪಾಯಿತೆಂದು ಹೇಳಿ, ಪುಸ್ತಕದಲ್ಲಿದ್ದಷ್ಟೇ ಪಾಠ ಮಾಡಬೇಕು ಎಂದು ಟೀಚರಿಗೆ ಅಪ್ಪಣೆಯಾಯಿತು. ಅವರು ಹೇಳುವುದನ್ನು ಕೇಳಲು ಸೂಪರ್‌ವೈಸರ್ ಬಂದು ಹಿಂದಿನ ಬೆಂಚಿನಲ್ಲಿ ಕೂತರು.

ಟೀಚರ್ ಬಂದರು. ಬೆಡ್‌ಶೀಟ್ ನೇತುಹಾಕಿದರು. ತಪ್ಪಾಯಿತು ಎನ್ನಲಿಲ್ಲ. ಕಾನ್ಸಾಸಿನ ಆಕಾರಕ್ಕೆ ಕತ್ತರಿಸಿದ ಎರಡು ತುಂಡು ಹಿಡಿದು, ಇಲ್ಲಿಗೆ ಬಂದು ನೆಲೆಸಿದವರೇ ವೋಟು ಹಾಕಿ ಬಿಳಿಯೋ ಕಂದೋ ತೀರ್ಮಾನಿಸಲಿ ಎಂದು ಬಿಟ್ಟರು, ಅದಕ್ಕೆ ರಕ್ತ ಹರಿಯಿತು ಎಂದರು. ಕೈ ಎತ್ತಿ ಎಂದು ನಮ್ಮನ್ನೂ ಕೇಳಿದರು. ನಾವೆಲ್ಲ ಬಿಳಿಗೆ ಎತ್ತಿದೆವು, ಒಳ್ಳೆಯ ಮಕ್ಕಳಲ್ಲವೇ!

"ಸರಿ. ಯಾರ ವಿಷಯಕ್ಕೆ ಈ ವೋಟೋ, ಅವರನ್ನ ಯಾರಾದ್ರೂ ಕೇಳಿದ್ರಾ?" ಎಂದರು. ಎತ್ತಿದ್ದ ಕೈಗಳು ಒಂದೊಂದಾಗಿ ಇಳಿದವು. "ಇದನ್ನ ನಾನು ಹೊಲಿಯಲ್ಲ."

ಎರಡನ್ನೂ ಸೇರಿಸಿ ಪಿನ್ನು ಚುಚ್ಚಿದರು. ಗಂಟೆ ಹೊಡೆದ ಮೇಲೆ, ನನ್ನ ಕೆನ್ನೆಯ ಮೇಲೆ ಇನ್ನೂ ಮಾಸದ ಗುರುತನ್ನೊಮ್ಮೆ ನೋಡಿ, ಅದನ್ನು ನನ್ನ ಕೈಗಿಟ್ಟರು. "ನಿಮ್ಮನೇಲಿ ತೀರ್ಮಾನ ಆದ್ಮೇಲೆ ತಂದ್ಕೊಡಮ್ಮ. ಆವಾಗ ಹೊಲಿಯೋಣ."

ಆ ಶುಕ್ರವಾರ ಮನೆಯವರೆಲ್ಲ ಇಗರ್ಜಿಗೆ ಹೊರಟಾಗ ನಾನು ತಲೆನೋವೆಂದು ಉಳಿದೆ. ಡ್ರಾಯರ್ ತೆಗೆದೆ. ಚಿನ್ನ ಮುಟ್ಟಲಿಲ್ಲ. ಪಾಸ್‌ಪೋರ್ಟು ತೆಗೆದು ಅಡುಗೆಮನೆಗೆ ಹೋಗಿ ಅಕ್ಕನ ಕೈಗೆ ಕೊಟ್ಟೆ. ಅವಳು ಓಡಿಹೋಗಲಿಲ್ಲ. ಅದನ್ನು ಸೆರಗಿನಲ್ಲಿ ಒರೆಸಿ ಸೊಂಟಕ್ಕೆ ಸಿಕ್ಕಿಸಿಕೊಂಡು ಮೀನು ಹುರಿಯುವುದು ಮುಂದುವರಿಸಿದಳು. ಊಟಕ್ಕೆ ಬಡಿಸುವಾಗ ಮಮ್ಮಿಗೆ ತನ್ನ ಅರೆಬರೆ ಕನ್ನಡದಲ್ಲಿ ಹೇಳಿದಳು, "ಅಮ್ಮಾ, ನಾನು ಹೋಗ್ತಾ. ಟಿಕೆಟ್ ಮಾಡಿ." ಕೇಳಿದ್ದಲ್ಲ ಅದು, ಹೇಳಿದ್ದು. ಎರಡು ವಾರದಲ್ಲಿ ಹೋದಳು. ತಾಯಿ ಇನ್ನೂ ಇದ್ದರಂತೆ, ಮಗಳ ಗುರುತು ಹಿಡಿದರಂತೆ...

ಅವಳು ಹೋದ ಮರುದಿನ ಕಾನ್ಸಾಸ್ ತೆಗೆದುಕೊಂಡು ಶಾಲೆಗೆ ಹೋದೆ. ಟೀಚರ್ ಇರಲಿಲ್ಲ. ಅವರಿನ್ನು ಬರುವುದಿಲ್ಲ ಎಂದರು ಆಫೀಸಿನವರು, ಅಷ್ಟೇ. ಬೆಡ್‌ಶೀಟೂ ಇರಲಿಲ್ಲ, ಬೋರ್ಡಿನ ಮೇಲೆ ಎರಡು ಮೊಳೆ ಇದ್ದವು. ಮೊದಲು ದೂರು ಕೊಟ್ಟದ್ದು ನನ್ನ ಮನೆಯಿಂದಲೇ ಎಂದು ಅವರಿಗೆ ಹೇಳಬೇಕಿತ್ತು. ಅಕ್ಕ ಹೋದಳೆಂದೂ ಹೇಳಬೇಕಿತ್ತು. ಮೈಸೂರಿಗೆ ಹೋಗಿ ಹುಡುಕುತ್ತೇನೆ ಎಂದುಕೊಂಡೇ ವರ್ಷಗಳು ಹೋದವು. ಈಚೆಗೆ ಹಳೆ ವಿದ್ಯಾರ್ಥಿಗಳ ವಾಟ್ಸ್ಯಾಪಿನಲ್ಲಿ ಅವರು ತೀರಿಕೊಂಡ ಸುದ್ದಿ ಬಂತು. ಕೆಳಗೆ ಸಾಲಾಗಿ ಕೈಮುಗಿದ ಚಿತ್ರಗಳು. ನಾನು ಅದನ್ನೂ ಹಾಕಲಿಲ್ಲ.

ಇದನ್ನೆಲ್ಲ ಮಗಳಿಗೆ ಹೇಳುತ್ತ, ಡ್ಯಾಡಿಯನ್ನು ಚೆನ್ನಾಗಿ ಆಡಿಕೊಳ್ಳುತ್ತ, ಮಂಚದ ಮೇಲಿನ ಪಾಸ್‌ಪೋರ್ಟುಗಳನ್ನು ಡಬ್ಬಕ್ಕೆ ಹಾಕುತ್ತಿದ್ದೆ. ನಂದು, ಗಂಡನದು, ಮಗಳದು. ನಾವಿರುವುದು ಮೂವರು.

ನಾಲ್ಕನೆಯದು ಶ್ರೀಲಂಕಾದ್ದು. ಎಂಟು ತಿಂಗಳ ಹಿಂದೆ ನಮ್ಮಲ್ಲಿ ಕೆಲಸಕ್ಕೆ ಬಂದವಳು ಇಕಾಮಾ, ಅಂದರೆ ಇಲ್ಲಿಯ ವಾಸದ ಪರವಾನಗಿ, ಮಾಡಿಸಲು ನನ್ನ ಕೈಗೆ ಕೊಟ್ಟದ್ದು. ಅದಾದ ಮೇಲೆ ಡಬ್ಬಕ್ಕೆ ಹಾಕಿದ್ದೆ. ಅವಳು ಕೇಳಲಿಲ್ಲ, ನಾನು ಕೊಡಲಿಲ್ಲ. ಜೋಪಾನಕ್ಕೆ... ಛೀ. ಮುಖ ಎಲ್ಲಿಡಲಿ? ಮಗಳು ನನ್ನನ್ನೇ ನೋಡುತ್ತಿದ್ದಳು.

ಎದ್ದು ಅಡುಗೆಮನೆಗೆ ಹೋದೆ. ಕೆಲಸದವಳು ಕೈ ಒರೆಸಿಕೊಂಡು ಪಾಸ್‌ಪೋರ್ಟು ಇಸಿದುಕೊಂಡಳು. ಮುಖ ಬಿಳಿಚಿಕೊಂಡಿತು.

"ಮೇಡಂ, ವರ್ಕ್ ಖಲಾಸ್?"

ಅದನ್ನು ವಾಪಸು ಕೊಟ್ಟರೆ ಕೆಲಸದಿಂದ ತೆಗೆದ ಹಾಗೆ ಎಂದೇ ಅವಳ ಲೆಕ್ಕ. "ಲಾ, ಲಾ, ನೋ. ದಿಸ್ ಈಸ್ ಯುವರ್ಸ್. ಯೂ ಕೀಪ್," ಎಂದೆ. ಅವಳು ನಂಬಲಿಲ್ಲ. ಮೂರು ಸಲ ಹೇಳಬೇಕಾಯಿತು.

ತುಕ್ಕು ಹಿಡಿದ ಪಿನ್ನನ್ನು ಬಿಡಿಸಲು ಹೋದರೆ ಅದು ಮುರಿಯಿತು. ಎರಡೂ ತುಂಡು ಈಗ ನನ್ನ ಮೇಜಿನ ಮೇಲಿವೆ. ತೀರ್ಮಾನ ಆಯಿತು ಟೀಚರ್, ಇಪ್ಪತ್ತೈದು ವರ್ಷ ತಡವಾಗಿ. ತಂದುಕೊಡೋಣವೆಂದರೆ ನೀವಿಲ್ಲ.