ಸೀಟಿನ ಮೇಲೆ ಇರಬೇಕಾಗಿದ್ದ ಬಿರಡೆ

ಅವಳಿಗೆ ಹೆತ್ತವರು ಇಟ್ಟ ಹೆಸರೊಂದಿತ್ತು, ಅದು ಈಗ ಯಾರ ಬಾಯಲ್ಲೂ ಇಲ್ಲ. ಗ್ಯಾರೇಜುಗಳ ಆ ಬೀದಿಗೆಲ್ಲ ಅವಳು ಡಿಕ್ಕಿ ಅಕ್ಕ. ದೊಡ್ಡ ಗಾಡಿಗಳ ಹಿಂಬಾಗಿಲಿನಿಂದ ನೀರು ಸೋರಿ ಡಿಕ್ಕಿ ಕೊಳೆತ ವಾಸನೆ ಹೊಡೆಯತೊಡಗಿದರೆ ಜನ ಅವಳನ್ನು ಹುಡುಕಿಕೊಂಡು ಬರುತ್ತಿದ್ದರು. ಗಂಡ ಮೆಕ್ಯಾನಿಕ್. ಎಂಜಿನ್ನು, ಬ್ರೇಕು, ಸೈಲೆನ್ಸರು ಅವನ ಪಾಲು. ನೀರು ಇವಳ ಪಾಲು. ಮದುವೆಯಾದ ಹೊಸತರಲ್ಲಿ ಗಂಡ ತನ್ನ ಹೊಟ್ಟೆ ಹೊತ್ತುಕೊಂಡು ಡಿಕ್ಕಿಯೊಳಗೆ ತೂರಲಾರದೆ ಒದ್ದಾಡುವುದನ್ನು ನೋಡಿ, "ಸರೀರಿ ಅತ್ಲಾಗೆ" ಎಂದು ತಾನೇ ನುಗ್ಗಿದವಳು, ಇನ್ನೂ ಹೊರಗೆ ಬಂದಿಲ್ಲ ಎಂದು ಬೀದಿಯವರು ನಗುತ್ತಿದ್ದರು.

ಅವಳು ಕೆಲಸ ಮಾಡುವ ರೀತಿಯೂ ನಗು ಬರುವಂಥದೇ. ಹಿಂದಿನ ಸೀಟು ಮಡಚಿ, ಪ್ಲಾಸ್ಟಿಕ್ ಹೊದಿಕೆ ಬಿಚ್ಚಿ, ಬಾಗಿಲಿನ ಸುತ್ತಲಿನ ರಬ್ಬರಿಗೆ ಮುಖದ ಪೌಡರ್ ಬಳಿದು, ಟಾರ್ಚ್ ಹಿಡಿದು ಒಳಗೆ ಅಂಗಾತ ಮಲಗುವಳು. ಗಂಡ ಹೊರಗಿನಿಂದ ಬಾಗಿಲು ಹಾಕಿ ಪೈಪಿನಲ್ಲಿ ನೀರು ಬಿಡಬೇಕು. ಅದೂ ಕೆಳಗಿನಿಂದ ಶುರುಮಾಡಿ ನಿಧಾನವಾಗಿ ಮೇಲಕ್ಕೆ. ಒಮ್ಮೆಗೇ ನೆತ್ತಿಯ ಮೇಲೆ ಸುರಿದರೆ ನೀರು ಎಲ್ಲಿ ಹೊಕ್ಕಿತು, ಎಲ್ಲಿ ಇಳಿಯಿತು ಎಂಬುದು ಬ್ರಹ್ಮನಿಗೂ ತಿಳಿಯುವುದಿಲ್ಲ. ಪೌಡರಿನ ಮೇಲೆ ಹನಿಯೊಂದು ಗೆರೆ ಎಳೆದ ಕ್ಷಣ ಒಳಗಿನಿಂದ ದಬದಬ ತಟ್ಟುವಳು.

"ನೀರು ಪಾಪದ್ದು ಕಣ್ರೀ," ಎನ್ನುವಳು ಗಿರಾಕಿಗಳಿಗೆ. "ಕದ್ದು ಬಂದ್ರೂ ಗುರುತು ಬಿಟ್ಟು ಹೋಗುತ್ತೆ."

ಗುರುತೇ ಬಿಡದೆ ಬರುವ ಇನ್ನೊಂದಿದೆ ಎಂಬುದು ಅವಳಿಗೆ ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ. ಚೆನ್ನಾಗಿಯೇ ಗೊತ್ತಿತ್ತು. ಡಿಕ್ಕಿಯ ತಳದಲ್ಲಿ ಸ್ಟೆಪ್ನಿ ಚಕ್ರ ಕೂರುವ ಗುಂಡಿಯಿರುತ್ತದೆ; ಸೋರಿದ ನೀರೆಲ್ಲ ಸೇರುವುದು ಅಲ್ಲಿಗೇ. ಗುಂಡಿಯ ತಳದ ತೂತಿಗೆ ಅಂಗೈಯಗಲದ ಒಂದು ರಬ್ಬರ್ ಬಿರಡೆ. ಅದನ್ನು ಕಿತ್ತರೆ ನೀರು ಬಸಿದು ಹೋಗುತ್ತದೆ, ಆದರೆ ಮತ್ತೆ ಹಾಕದಿದ್ದರೆ ಅದೇ ದಾರಿಯಲ್ಲಿ ಸೈಲೆನ್ಸರಿನ ವಿಷದ ಹೊಗೆ ಮೇಲೆ ಬರುತ್ತದೆ. ಅದಕ್ಕೇ ಅವಳದೊಂದು ಕಟ್ಟಳೆಯಿತ್ತು. ಕಿತ್ತ ಬಿರಡೆ ನೇರ ಹೋಗಿ ಡ್ರೈವರ್ ಸೀಟಿನ ಮೇಲೆ ಕೂರಬೇಕು. ಬೆಂಚಿನ ಮೇಲೆ ಇಡುವಂತಿಲ್ಲ, ಜೇಬಿಗೆ ಹಾಕುವಂತಿಲ್ಲ.

"ತಲೆ ಮರೆತ್ರೂ ಅಂಡು ಮರೆಯಲ್ಲ. ಒತ್ತಿದ ಕೂಡ್ಲೇ ನೆನಪಾಗುತ್ತೆ," ಎನ್ನುವಳು. ಗಿರಾಕಿ ಎಂಥ ದೊಡ್ಡ ಮನುಷ್ಯನಾಗಿರಲಿ, ಕೆಲಸ ಮುಗಿಯುವವರೆಗೆ ಗಾಡಿಯೊಳಗೆ ಕೂರಲು ಬಿಡುತ್ತಿರಲಿಲ್ಲ.

ಆದರೆ ಆ ದಿನ ಬಂದವನು ಗಿರಾಕಿಯಲ್ಲ, ತಮ್ಮ. ಅಕ್ಕನ ಮನೆಯಲ್ಲಿ ತಮ್ಮಂದಿರಿಗೆ ಯಾವ ಕಟ್ಟಳೆ ಹೇಳಿ! ಹೆಂಡತಿಯ ತಂಗಿಗೆ ಮಗುವಾಗಿತ್ತು, ನೋಡಲು ಘಟ್ಟ ಹತ್ತಿ ದೂರ ಹೋಗಬೇಕು, ಡಿಕ್ಕಿಯಲ್ಲಿ ನೀರು. ಹೆಂಡತಿ, ಮಗಳನ್ನು ಕೂರಿಸಿಕೊಂಡು ಹೊರಟ ದಾರಿಯಲ್ಲೇ ಗಾಡಿ ತಂದು ನಿಲ್ಲಿಸಿ, "ಬೇಗ ನೋಡಕ್ಕ, ಬಿಸಿಲೇರೋದ್ರೊಳಗೆ ಹೊರಡ್ಬೇಕು" ಎಂದ. ಕೆಳಗಿಳಿಯಲೂ ಇಲ್ಲ. ಎಸಿ ಬೇಕೆಂದು ಎಂಜಿನ್ ಓಡಿಸಿಕೊಂಡು ಸ್ಟೀರಿಂಗಿನ ಮುಂದೆ ಮೊಬೈಲ್ ತಿಕ್ಕುತ್ತ ಕೂತ.

ಅವನ ಮಗಳು ಐದು ವರ್ಷದವಳು. ಬಾಯಿ ಮುಚ್ಚಿದ್ದನ್ನು ಕಂಡವರಿಲ್ಲ, ಅದಕ್ಕೇ ಪಿಟೀಲು ಎಂದು ಅತ್ತೆಯೇ ಇಟ್ಟ ಅಡ್ಡಹೆಸರು. ಮಕ್ಕಳಿಲ್ಲದ ಅತ್ತೆಗೆ ಆ ಪಿಟೀಲೆಂದರೆ ಜೀವ.

"ಅತ್ತೆ, ಒಳಗೆ ಕತ್ತಲಾ? ಅತ್ತೆ, ನೀನು ಸತ್ತೋದ್ಯಾ?" ಎಂದು ಹೊರಗಿನಿಂದ ಬಾಗಿಲು ಬಡಿಯುತ್ತಿತ್ತು ಆ ಮಗು.

"ಬಿಡ್ತು ಅನ್ನೇ, ಅಪಶಕುನದ ಮೂತಿ!" ಎಂದು ಒಳಗಿನಿಂದಲೇ ಗದರಿದಳು ಅಕ್ಕ. ಗದರಿ ನಕ್ಕಳು. ಯಾಕೋ ತಲೆ ಭಾರವಾಗಿತ್ತು. ಬೆನ್ನ ಕೆಳಗೆ ಸೈಲೆನ್ಸರು ಗೊರಗೊರ ಎನ್ನುವುದು ಕೇಳಿ ಗಂಡನನ್ನು ಕರೆದಳು. ಅವನು ಬಗ್ಗಿ ನೋಡಿ, "ಸೀಳು ಬಿಟ್ಟಿದೆ ಕಣಯ್ಯಾ. ಒಂದೆರಡು ಗಂಟೆ ಬಿಟ್ಟು ಹೋಗು, ಬೆಸುಗೆ ಹಾಕಿ ಕೊಡ್ತೀನಿ" ಎಂದ.

"ಬಂದ್ಮೇಲೆ ಭಾವ, ಬಂದ್ಮೇಲೆ," ಎಂದ ತಮ್ಮ, ಮೊಬೈಲಿನಿಂದ ಕಣ್ಣೆತ್ತದೆ. ಹಿತ್ತಲ ಗಿಡ ಮದ್ದಲ್ಲ ಎಂದು ಸುಮ್ಮನೆ ಹೇಳುತ್ತಾರೆಯೇ?

ಸೋರುತ್ತಿದ್ದುದು ಹಿಂದಿನ ಎಡಗಡೆ ದೀಪದ ಅಂಚಿನಿಂದ. ದೀಪ ಬಿಚ್ಚಿ, ಹಳೆಯ ಅಂಟು ಕೆರೆದು, ಹೊಸದು ತುಂಬಿದಳು. ಗುಂಡಿಯಲ್ಲಿ ನೀರು ನಿಂತಿತ್ತು. ಬಿರಡೆ ಕಿತ್ತು ಬಸಿದು, ಬಟ್ಟೆಯಿಂದ ಒರೆಸಿ, ಆರಲು ಬಿಟ್ಟಳು. ಬಿರಡೆ ಹಿಡಿದು ಮುಂದೆ ಹೋದರೆ ಸೀಟಿನ ಮೇಲೆ ತಮ್ಮ ಕೂತಿದ್ದಾನೆ. ಏಳು ಎಂದರೆ ಎದ್ದೇಳುತ್ತಿದ್ದ. ಆದರೆ ಅವನು ತಲೆಯೆತ್ತಿ, "ಆಯ್ತಾ ಅಕ್ಕ?" ಎಂದು ನಕ್ಕ, ಸಣ್ಣವನಿದ್ದಾಗ ಇವಳು ಸೊಂಟದ ಮೇಲೆ ಹೊತ್ತು ತಿರುಗುತ್ತಿದ್ದರೆ ನಗುತ್ತಿದ್ದನಲ್ಲ, ಅದೇ ನಗು. "ಆಯ್ತು ಇರೋ" ಎಂದು ಬಿರಡೆಯನ್ನು ಮೇಲಂಗಿಯ ಜೇಬಿಗೆ ಹಾಕಿಕೊಂಡಳು.

ಆಮೇಲಿನದೆಲ್ಲ ಗಡಿಬಿಡಿ. ತಮ್ಮನೇ ಇಳಿದು ಸ್ಟೆಪ್ನಿ ಎತ್ತಿ ಗುಂಡಿಯೊಳಗೆ ಕೂರಿಸಿದ, ಅವನ ಹೆಂಡತಿ ಅದರ ಮೇಲೆ ಹಲಗೆ ಮುಚ್ಚಿ ಮಗುವಿಗೆಂದು ಹಾಸಿಗೆ ಹಾಸಿದಳು.

"ಅತ್ತಿಗೆ, ಏನೋ ವಾಸನೆ ಬರ್ತಿದೆ," ಎಂದಳು ಅವಳು, ಮೂಗು ಸಿಂಡರಿಸಿ.

"ಅಂಟಿನ ವಾಸನೆ ಕಣಮ್ಮ, ಒಂದೆರಡು ದಿನ ಇರುತ್ತೆ. ಗಾಬರಿ ಆಗ್ಬೇಡ," ಎಂದಳು ಡಿಕ್ಕಿ ಅಕ್ಕ. ಗಾಡಿ ಬೀದಿಯ ತಿರುವು ದಾಟುವವರೆಗೂ ಪಿಟೀಲು ಹಿಂದಿನ ಗಾಜಿಗೆ ಮೂಗೊತ್ತಿ ಕೈ ಬೀಸುತ್ತಲೇ ಇತ್ತು.

ಮಧ್ಯಾಹ್ನ ಇನ್ನೊಂದು ಗಾಡಿ ಬಂತು. ಅದರ ಬಿರಡೆ ಕಿತ್ತು ಡ್ರೈವರ್ ಸೀಟಿನ ಮೇಲಿಟ್ಟು, ಒಳಗೆ ಮಲಗಿ, ಪೌಡರ್ ಡಬ್ಬಿಗೆಂದು ಜೇಬಿಗೆ ಕೈ ಹಾಕಿದಳು. ಕೈಗೆ ರಬ್ಬರು ಸಿಕ್ಕಿತು. ಟಾರ್ಚ್ ಬೆಳಕಿನಲ್ಲಿ ಹಿಡಿದು ನೋಡಿದಳು. ಈ ಗಾಡಿಯದು ಸೀಟಿನ ಮೇಲಿದೆ. ಹಾಗಾದರೆ ಇದು ಯಾರದು?

ಬಾಗಿಲಿಗೆ ಎಷ್ಟು ಜೋರಾಗಿ ಗುದ್ದಿದಳೆಂದರೆ ಗಂಡ ಪೈಪು ಬಿಸಾಡಿ ಓಡಿ ಬಂದು ತೆರೆದ. ಅವಳ ಅಂಗೈ ನೋಡಿದ. ವಿವರಿಸುವ ಅಗತ್ಯವಿರಲಿಲ್ಲ. ಸೀಳಿದ ಸೈಲೆನ್ಸರು, ಅದರ ನೇರ ಮೇಲೆ ಬಾಯಿ ತೆರೆದ ತೂತು, ತೂತಿನ ಮೇಲೆ ಹಾಸಿಗೆ.

ತಮ್ಮನಿಗೆ ಫೋನು ಮಾಡಿದಳು, ಎತ್ತಲಿಲ್ಲ. ಗಾಡಿ ಓಡಿಸುವಾಗ ಸದ್ದು ಆರಿಸಿಡುವುದು ಅವನ ಅಭ್ಯಾಸ. ಆ ಅಭ್ಯಾಸವನ್ನು ಮೆಚ್ಚಿ ಹೊಗಳಿದವಳೂ ಇವಳೇ. ಅವನ ಹೆಂಡತಿಯ ಫೋನು ಸಿಗಲೇ ಇಲ್ಲ. ಮತ್ತೆ ಮಾಡಿದಳು, ಮತ್ತೆ. ಕೈಯೆಲ್ಲ ಪೌಡರು, ಬೆವರು, ಒತ್ತಿದ ಅಂಕಿ ಒತ್ತದಂತೆ ಜಾರುತ್ತಿತ್ತು. ಕೊನೆಗೊಮ್ಮೆ ಆ ಕಡೆಯಿಂದ ಉತ್ತರ ಬಂತು, ನಿದ್ದೆಯಿಂದೆದ್ದ ದನಿ.

"ಹಲೋ ಅತ್ತಿಗೆ... ಒಂದು ಹನಿ ನೀರಿಲ್ಲ, ಡಿಕ್ಕಿ ಒಣಗಿ ಬಣಬಣ ಅಂತಿದೆ."

"ಪಿಟೀಲು ಎಲ್ಲಿ?"

"ಹಿಂದೆ ಮಲಗಿದಾಳೆ. ಇವತ್ತು ಎಷ್ಟು ಜಾಣೆ ಗೊತ್ತಾ, ಆಗ್ಲಿಂದ ಸದ್ದೇ ಇಲ್ಲ. ನಂಗೂ ಒಂದೇ ಸಮ ಕಣ್ಣೆಳೀತಿದೆ."

"ಗಾಡಿ ನಿಲ್ಸು! ಕಿಟಕಿ ಇಳ್ಸು, ಮಗೂನ ಹೊರಗೆ ತೆಗಿ! ಹೊಗೆ ಕಣೇ, ಒಳಗೆ ಹೊಗೆ ಬರ್ತಿದೆ, ವಿಷ!"

ಬ್ರೇಕಿನ ಕಿರುಚು ಕೇಳಿಸಿತು. ಬಾಗಿಲು ತೆರೆದ ಸದ್ದು. ಆಮೇಲೆ ತಮ್ಮನ ಹೆಂಡತಿಯ ದನಿ, ದೂರದಿಂದ: "ಪಿಟೀಲು... ಏಯ್, ಏಳೇ ಕಂದ... ರೀ, ಕತ್ತು ನಿಲ್ತಿಲ್ಲ ರೀ!" ಅಷ್ಟಕ್ಕೆ ಫೋನು ಕಡಿದುಹೋಯಿತು.

ಡಿಕ್ಕಿ ಅಕ್ಕ ಒದ್ದೆ ನೆಲದ ಮೇಲೆಯೇ ಕೂತಳು. ಪಕ್ಕದ ಗ್ಯಾರೇಜಿನವರು ಬಂದು ಸುತ್ತ ನೆರೆದರು. ಗಂಡ ಫೋನು ಹಿಡಿದು ಅತ್ತಿತ್ತ ತಿರುಗಿದ. ಪೈಪಿನ ನೀರು ನಿಲ್ಲಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ಅದು ಹರಿಯುತ್ತಲೇ ಇತ್ತು.

ಸಂಜೆಗೆ ತಮ್ಮನ ಕರೆ ಬಂತು. ಘಟ್ಟದ ಕೆಳಗಿನ ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟಿದ್ದಾರೆ, ಮಗು ವಾಂತಿ ಮಾಡಿಕೊಂಡು ಅತ್ತಿತಂತೆ. ಅತ್ತಿತು ಎಂಬ ಮಾತು ಕೇಳಿ ಅತ್ತೆಯೂ ಅತ್ತಳು.

ಆಸ್ಪತ್ರೆಯಿಂದ ಬಿಡುಗಡೆಯಾದ ದಿನ ಅವರು ಅಲ್ಲೇ ಸೈಲೆನ್ಸರಿಗೆ ಬೆಸುಗೆ ಹಾಕಿಸಿಕೊಂಡು ನೇರ ಅಕ್ಕನ ಮನೆಗೇ ಬಂದರು. ದಣಿದಿದ್ದ ಮಗುವನ್ನು ಒಳಗೆ ಅತ್ತೆಯ ಮಂಚದ ಮೇಲೆ ಮಲಗಿಸಿದರು. ಅಕ್ಕನ ಗಂಡ ಸೈಲೆನ್ಸರು ನೋಡುವ ನೆಪದಲ್ಲಿ ಡಿಕ್ಕಿ ತೆರೆದು, ತನ್ನ ಡಬ್ಬಿಯಲ್ಲಿದ್ದ ಬೇರೊಂದು ಬಿರಡೆ ಒತ್ತಿ ಬಂದ. ಬಂದು ಹೆಂಡತಿಗೆ ಕಣ್ಣಲ್ಲೇ ಸನ್ನೆ ಮಾಡಿದ: ಮುಗೀತು, ಸುಮ್ಮನಿರು. ಇನ್ನು ಯಾರಿಗೂ ತಿಳಿಯುವಂತಿರಲಿಲ್ಲ.

"ತಪ್ಪು ನಂದೇ ಅಕ್ಕ," ಎಂದ ತಮ್ಮ. "ಭಾವ ಬಡ್ಕೊಂಡ್ರು ಸೈಲೆನ್ಸರು ಸೀಳಿದೆ ಅಂತ. ನಾನು ಕೇಳ್ಲಿಲ್ಲ."

ಅವನ ಹೆಂಡತಿ ಬಗ್ಗಿ ಅತ್ತಿಗೆಯ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. "ನಮ್ ಪಾಲಿಗೆ ದೇವರು ನೀವು. ಅಷ್ಟು ದೂರದಿಂದ ನಿಮಗೆ ಹೇಗೆ ಹೊಳೀತು ಅತ್ತಿಗೆ?"

ಆ ಕೈಗಳು ಸುಟ್ಟಂತಾದವು ಡಿಕ್ಕಿ ಅಕ್ಕನಿಗೆ. ಗಂಡ ಕೆಮ್ಮಿದ. ಅವಳು ಅವನತ್ತ ನೋಡಲಿಲ್ಲ. ಎದ್ದು ಹೋಗಿ ಗೋಡೆಗೆ ತೂಗುಹಾಕಿದ್ದ ಮೇಲಂಗಿಯ ಜೇಬಿನಿಂದ ಬಿರಡೆ ತಂದು ತಮ್ಮನ ಹೆಂಡತಿಯ ಅಂಗೈಯಲ್ಲಿಟ್ಟಳು.

"ಏನಿದು?"

"ನಿಮ್ಮ ಡಿಕ್ಕಿ ತಳದ ಬಿರಡೆ. ನಾನೇ ಕಿತ್ತಿದ್ದು. ಹಾಕೋದು ಮರೆತೆ. ಮಗು ಮಲಗಿದ್ದು ಆ ತೂತಿನ ಮೇಲೆ ಕಣಮ್ಮ."

"ಬಿಡಕ್ಕ, ಮರೆವು ಯಾರಿಗಿಲ್ಲ," ಎಂದ ತಮ್ಮ ಅವಸರದಲ್ಲಿ. ಅವನ ಹೆಂಡತಿ ಬಿರಡೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಅಂಟಿನ ವಾಸನೆ ಅಂದ್ರಿ," ಎಂದಳು. "ದಾರಿಯಲ್ಲಿ ಎರಡು ಸಲ ಕಿಟಕಿ ಇಳ್ಸೋಣ ಅಂದ್ಕೊಂಡೆ. ಅತ್ತಿಗೆ ಹೇಳಿದಾರಲ್ಲ ಅಂತ ಸುಮ್ಮನಾದೆ."

ಬಿರಡೆಯನ್ನು ಮೇಜಿನ ಮೇಲಿಟ್ಟು ಒಳಗೆ ಹೋದಳು. ಮಗು ಅತ್ತೆಯ ದಿಂಬು ತಬ್ಬಿ ಗಾಢ ನಿದ್ದೆಯಲ್ಲಿತ್ತು. ಅದರ ಭುಜ ಹಿಡಿದು ಅಲುಗಿಸಿದಳು.

"ಏಳಮ್ಮ. ಮನೆಗೆ ಹೋಗೋಣ."

"ಇಲ್ಲೇ ಮಲಗ್ತೀನಿ," ಎಂದಿತು ಮಗು ಕಣ್ಣು ಬಿಡದೆ.

"ಇಲ್ಲಿ ಬೇಡ. ಏಳು."

ಮಗುವನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ಹೊರಟಳು. ಬಾಗಿಲಲ್ಲಿ ನಿಂತಿದ್ದ ಡಿಕ್ಕಿ ಅಕ್ಕ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಪಿಟೀಲು ಅಮ್ಮನ ಹೆಗಲ ಮೇಲಿನಿಂದ ಕೈ ಬೀಸಿತು.

"ಅತ್ತೆ, ನಾಳೆ ಬರ್ತೀನಿ ಆಯ್ತಾ?"

ಆಯ್ತು ಎನ್ನುವ ಮೊದಲು ಅತ್ತೆ ಅದರ ಅಮ್ಮನ ಮುಖ ನೋಡಿದಳು. ಅಮ್ಮ ಬೀಸುತ್ತಿದ್ದ ಆ ಪುಟ್ಟ ಕೈಯನ್ನು ಹಿಡಿದು ಕೆಳಗಿಳಿಸಿ ಗಾಡಿಯತ್ತ ನಡೆದಳು.