ವಿನ್ಸೆಂಟ್ ಸಾರ್ ಕೈಗವಸು

ಇವತ್ತು ಬೆಳಿಗ್ಗೆ ಕಪಾಟಿನ ಕೆಳಗಿನ ಖಾನೆ ಎಳೆದಾಗ ನುಸಿಗುಳಿಗೆಯ ವಾಸನೆಯ ಜೊತೆಗೆ ಬೂದು ಬಣ್ಣದ ಉಣ್ಣೆಯ ಕೈಗವಸೂ ಹೊರಬಂತು. ಪರ್ತ್‌ನ ಚಳಿಗೆ ಇಷ್ಟು ದಪ್ಪನೆಯದು ಬೇಕಿಲ್ಲ. ಅಲ್ಲದೆ ಅದು ನನ್ನದಲ್ಲ. ನನ್ನದಲ್ಲದ ವಸ್ತು ಮನೆಯಲ್ಲಿದ್ದರೆ ಅದಕ್ಕೊಂದು ಚೀಟಿ ಅಂಟಿಸಿಡುವುದು ನನ್ನ ಪದ್ಧತಿ. ಇದಕ್ಕೆ ಚೀಟಿ ಬೇಕಾಗಿರಲಿಲ್ಲ.

ನೀವು ನಗಬಹುದು. ನಮ್ಮ ತಂದೆ ಸ್ಟೇಷನ್ ಮಾಸ್ಟರ್ ಆಗಿದ್ದರು. ಮನೆಯಲ್ಲಿ ಸ್ನಾನ, ಊಟ, ಪಾಠ ಎಲ್ಲವೂ ರೈಲಿನ ಹಾಗೆ ಬಂದು ಹೋಗುತ್ತಿದ್ದವು. ತಡವಾದವನಿಗೆ ತಟ್ಟೆ ಇಲ್ಲ. ನಾನು ಅರಿವಳಿಕೆ ಕೊಡುವ ವೈದ್ಯನಾದ ಮೇಲೆ ಆಸ್ಪತ್ರೆಯವರು ಆ ಅಭ್ಯಾಸವನ್ನು ಶಿಸ್ತು ಎಂದು ಹೊಗಳಿದರು. ಹೆಂಡತಿ ಸರೋಜ ಅದಕ್ಕೆ ಇಟ್ಟಿರುವ ಹೆಸರು ಇಲ್ಲಿ ಬೇಡ.

ವಿನ್ಸೆಂಟ್ ಸಾರ್ ಮೈಸೂರಿನ ಕಾಲೇಜಿನಲ್ಲಿ ನನಗಿಂತ ಮೂರು ವರ್ಷ ಸೀನಿಯರ್. ಆಮೇಲೆ ಬ್ರಿಸ್ಬೇನಿನಲ್ಲಿ ಸರ್ಜನ್ ಆದರು. ಮದುವೆಯಾಗಲಿಲ್ಲ. ಹುಡುಗನಾಗಿದ್ದಾಗ ಭಾನುವಾರ ಚರ್ಚ್ ಮುಗಿಸಿ ನೇರ ಪಕ್ಕದ ಅಯ್ಯಂಗಾರ್ ಮನೆಗೆ ಪುಳಿಯೋಗರೆಗೆ ಹೋಗುತ್ತಿದ್ದವರು. ಅದನ್ನು ಚಮಚದಲ್ಲಿ ತಿನ್ನುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ನಮ್ಮ ಮಗಳು ಅನುವಿನ ಕೈಯಿಂದ ಒಮ್ಮೆ ಚಮಚ ಕಿತ್ತುಕೊಂಡದ್ದೂ ಉಂಟು.

ಎಂಬತ್ತರ ದಶಕದ ಒಂದು ಚಳಿಗಾಲದ ರಜೆಯಲ್ಲಿ ನಾವು ಮೂವರು ಪರ್ತ್‌ನಿಂದ, ಅವರು ಬ್ರಿಸ್ಬೇನಿನಿಂದ ಅಡಿಲೇಡಿಗೆ ಬಂದು ಸೇರಿ, ಟಾಸ್ಮೇನಿಯಾದ ಕಡೆ ಹೋಗುವ ಹಡಗು ಹತ್ತಿದೆವು. ಚಳಿಯಲ್ಲಿ ಇನ್ನಷ್ಟು ಚಳಿಯ ಕಡೆಗೆ ದುಡ್ಡು ಕೊಟ್ಟು ಹೋಗುವುದು ಸರೋಜಳಿಗೆ ಇವತ್ತಿಗೂ ಅರ್ಥವಾಗಿಲ್ಲ. ದಡಕ್ಕಿಳಿದು ಸುತ್ತುವ ದಿನಕ್ಕೆ ನಾನು ಕಾರ್ಬನ್ ಪೇಪರ್ ಇಟ್ಟು ವೇಳಾಪಟ್ಟಿ ಬರೆದು ಎಲ್ಲರಿಗೂ ಹಂಚಿದೆ: ಬೆಳಿಗ್ಗೆ ದೋಣಿಯಲ್ಲಿ ಸೀಲ್‌ಗಳು, ಮಧ್ಯಾಹ್ನ ಬಂಡೆಯಂಚಿನ ನಡಿಗೆ, ಸಂಜೆ ಲೈಟ್‌ಹೌಸ್.

ವಿನ್ಸೆಂಟ್ ಸಾರ್ ದೋಣಿಗೆ ಏಳು ನಿಮಿಷ ತಡವಾಗಿ ಬಂದರು. ಕೋಟಿನ ಗುಂಡಿಗಳು ಒಂದು ಮನೆ ತಪ್ಪಿ ಕೂತಿದ್ದವು. ದೋಣಿಯ ತುಂಬ ಜನ ಕಾಯುತ್ತಿದ್ದರು. ಅವರೆದುರಿಗೇ ನಾನು ಕೇಳಿಬಿಟ್ಟೆ: "ಏನ್ ಸಾರ್, ಗುಂಡಿ ಹಾಕೋಕೆ ಏಳ್ ನಿಮಿಷನಾ? ಆಪರೇಷನ್ ಥಿಯೇಟರ್‌ನಲ್ಲೂ ಹೀಗೇನಾ ನೀವು?"

ಅವರು ನಕ್ಕರು. "ಚಳಿ ಕಣಯ್ಯ, ಬೆರಳು ಮರಗಟ್ಟಿದೆ."

ದೋಣಿ ಹೊರಟಿತು. ಸೀಲ್‌ಗಳು ಬಂಡೆಯ ಮೇಲೆ ಮದುವೆ ಊಟ ಮುಗಿಸಿದವರ ಹಾಗೆ ಬಿದ್ದುಕೊಂಡಿದ್ದವು. ಗಾಳಿಗೆ ಕಣ್ಣಲ್ಲಿ ನೀರು ಬರುತ್ತಿತ್ತು. ನನ್ನ ಗಮನವೆಲ್ಲ ಗಡಿಯಾರದ ಮೇಲೆ.

ಸರೋಜ ಮನೆಯಿಂದಲೇ ಪುಳಿಯೋಗರೆ ಗೊಜ್ಜು ತಂದಿದ್ದಳು. ಹಡಗಿನ ಅಡುಗೆಯವನನ್ನು ಕೇಳಿ ಬರಿಯ ಅನ್ನ ಹಾಕಿಸಿಕೊಂಡು ಕಲಸಿದ್ದಳು. ನಡಿಗೆ ಮುಗಿಸಿ ಬೆಂಚಿನ ಮೇಲೆ ಕೂತು ಡಬ್ಬಿ ಬಿಚ್ಚಿದೆವು. ಅನ್ನ ಕಲ್ಲಿನಂತೆ ತಣ್ಣಗಿತ್ತು. ಆದರೂ ನಾವು ಕೈಗವಸು ತೆಗೆದು ಕೈಯಲ್ಲೇ ತಿಂದೆವು. ವಿನ್ಸೆಂಟ್ ಸಾರ್ ಮಾತ್ರ ಗವಸು ತೆಗೆಯದೆ, ಬಲಗೈಯನ್ನು ತೊಡೆಯ ಕೆಳಗಿಟ್ಟುಕೊಂಡು, ಎಡಗೈಯಲ್ಲಿ ಚಮಚ ಹಿಡಿದು ತಿನ್ನತೊಡಗಿದರು. ಅನು ಬಿಡುತ್ತಾಳೆಯೇ?

"ಅಂಕಲ್, ಯೂ ಸೆಡ್ ಸ್ಪೂನ್ಸ್ ಆರ್ ಫಾರ್ ಮೆಡಿಸಿನ್."

"ಹೌದು ಪುಟ್ಟ, ಇವತ್ತು ಇದೂ ಮೆಡಿಸಿನ್ನೇ" ಎಂದರು. ಎಲ್ಲರೂ ನಕ್ಕೆವು. ನನ್ನ ನಗು ಮಾತ್ರ ಅರ್ಧಕ್ಕೆ ನಿಂತಿತು.

ಲೈಟ್‌ಹೌಸಿನ ಬುಡದಲ್ಲೊಂದು ಟೀ ಅಂಗಡಿ. ಒಳಗೆ ಕಟ್ಟಿಗೆಯ ಒಲೆ, ಕನ್ನಡಕಕ್ಕೆ ಹಬೆ ಕಟ್ಟುವಷ್ಟು ಬಿಸಿ. ಸರೋಜ, ಅನು ಹೊರಗೆ ಫೋಟೋ ತೆಗೆಯುತ್ತಿದ್ದರು. ವಿನ್ಸೆಂಟ್ ಸಾರ್ ಗವಸು ತೆಗೆದಿರಲಿಲ್ಲ. ಇಲ್ಲಿ ಚಳಿ ಇಲ್ಲವಲ್ಲ ಸಾರ್, ಎಂದೆ. ಅವರು ಗವಸು ತೆಗೆದು ಕೈಯನ್ನು ಮೇಜಿನ ಮೇಲಿಟ್ಟರು. ಹೆಬ್ಬೆರಳು ತೋರುಬೆರಳನ್ನು ಮೆಲ್ಲಗೆ, ಬಿಡದೆ ತಿಕ್ಕುತ್ತಿತ್ತು, ಮಾತ್ರೆ ಹೊಸೆಯುವ ಹಾಗೆ. ಅದು ಚಳಿಯದಲ್ಲ, ವಾಸಿಯಾಗದ ನರರೋಗದ್ದು; ಆ ನಡುಕದ ಹೆಸರು ಎರಡನೆಯ ವರ್ಷದ ವೈದ್ಯ ವಿದ್ಯಾರ್ಥಿಗೂ ಗೊತ್ತು.

"ಯಾರ್‌ಯಾರಿಗೆ ಗೊತ್ತು ಸಾರ್?"

"ಈಗ ನಿಂಗೆ." ಆಮೇಲೆ ಎಂದರು: "ಸೋಮವಾರ ನಾಲ್ಕು ಆಪರೇಷನ್ ಇದೆ. ಚಾಕು ಹಿಡಿದ್ರೆ ನಿಲ್ಲತ್ತೆ ಕಣಯ್ಯ. ಇಲ್ಲೀವರ್ಗೂ ನಿಂತಿದೆ."

ಇಂಥ ಕೈ ಚಾಕು ಹಿಡಿಯಬಾರದೆಂಬ ನಿಯಮ ನನಗೆ ಬಾಯಿಪಾಠ. ಬೆಳಿಗ್ಗೆಯಾಗಿದ್ದರೆ ಅದನ್ನೇ ಒಪ್ಪಿಸುತ್ತಿದ್ದೆ. ಆದರೆ ದೋಣಿಯಲ್ಲಿ ನಾನಾಡಿದ ಆ ಏಳು ನಿಮಿಷದ ಮಾತು ನೆನಪಾಯಿತು. ಕೊನೆಗೆ "ಮಾಡ್ಬೇಡಿ ಸಾರ್" ಎಂದಷ್ಟೇ ಹೇಳಿದೆ.

ಲೈಟ್‌ಹೌಸ್ ಹತ್ತುವವರನ್ನು ಕರೆಯುವುದು ಕೇಳಿಸಿತು. "ಹೋಗಯ್ಯ, ನಿನ್ನ ಟೈಮ್‌ಟೇಬಲ್ ಕಾಯ್ತಿದೆ" ಎಂದರು. ನಾನು ಏಳಲಿಲ್ಲ. ಟೀ ಆರಿತು. ಮೇಲೆ ಹೋದವರು ಇಳಿದೂ ಬಂದರು. ಆಗ ವಿನ್ಸೆಂಟ್ ಸಾರ್ ಎದ್ದು, ಅಂಗಡಿಯಾಕೆಯನ್ನು ಕೇಳಿ ಬ್ರಿಸ್ಬೇನಿನ ಆಸ್ಪತ್ರೆಗೆ ಫೋನ್ ಮಾಡಿ, ಸೋಮವಾರದ ರೋಗಿಗಳನ್ನು ಬೇರೆಯವರಿಗೆ ವಹಿಸಲು ಹೇಳಿದರು. ದನಿ ನಡುಗಲಿಲ್ಲ. ತಿರುಗಿ ಬಂದು ನನ್ನೆದುರು ನಿಂತರು. ನಾನು ಅವರ ಕೋಟಿನ ಗುಂಡಿಗಳನ್ನು ಬಿಚ್ಚಿ, ಕೆಳಗಿನಿಂದ ಒಂದೊಂದಾಗಿ ಸರಿಯಾಗಿ ಹಾಕಿದೆ. ಎಷ್ಟು ನಿಮಿಷವಾಯಿತೋ ನೋಡಲಿಲ್ಲ.

ಮೇಜಿನ ಮೇಲೆ ಉಳಿದ ಗವಸನ್ನು ನಾನೇ ಜೇಬಿಗೆ ಹಾಕಿಕೊಂಡೆ. ಮತ್ತೆ ಅವರು ಕೇಳಲಿಲ್ಲ. ಬಚ್ಚಿಡುವುದು ಮುಗಿದಿತ್ತು. ಆಮೇಲೆ ಬ್ರಿಸ್ಬೇನಿನಲ್ಲೇ, ಸೇಂಟ್ ಲೂಸಿಯಾ ಬಡಾವಣೆಯ ವಿಶ್ವವಿದ್ಯಾಲಯದಲ್ಲಿ ಬಹಳ ವರ್ಷ ಅಂಗರಚನೆ ಪಾಠ ಮಾಡಿದರು. ಮೊದಲ ದಿನವೇ ಹುಡುಗರಿಗೆ ಕೈ ತೋರಿಸಿ, ಇದರಿಂದಲೇ ಪಾಠ ಶುರು ಮಾಡೋಣ ಎನ್ನುತ್ತಿದ್ದರಂತೆ.

ಇಷ್ಟೆಲ್ಲ ಕಂಡ ನಾನು ಅಂದೇ ಬದಲಾದೆ ಎಂದರೆ ಸರೋಜ ನಗುತ್ತಾಳೆ. ಪರ್ತ್‌ನ ವಿಲೆಟನ್ ಬಡಾವಣೆಯ ನಮ್ಮ ಮನೆಯಿಂದ ವಾಕಿಂಗ್‌ಗೆ ಹೊರಡುವುದು ಆರು ಹತ್ತಕ್ಕೆ. ಅವಳ ಮಂಡಿ ಬಗ್ಗುವುದಿಲ್ಲ, ಶೂ ಕಟ್ಟಲು ಹೊತ್ತಾಗುತ್ತದೆ. ನಾನು ದಿನವೂ ಬಾಗಿಲಲ್ಲಿ ನಿಂತು ಬೀಗದ ಕೈ ಅಲ್ಲಾಡಿಸುತ್ತೇನೆ. ಇವತ್ತು ಗವಸನ್ನು ಖಾನೆಗೆ ಹಾಕಿ ಬಂದಾಗ ಆರು ಹನ್ನೆರಡಾಗಿತ್ತು. ಅವಳು ಬಗ್ಗಲಾರದೆ ಒಂದು ಲೇಸಿನ ಜೊತೆ ಹೋರಾಡುತ್ತಿದ್ದಳು. ಬೀಗದ ಕೈ ಜೇಬಿಗೆ ಹಾಕಿ, ನೆಲದ ಮೇಲೆ ಕೂತು, ಅವಳ ಪಾದವನ್ನು ನನ್ನ ಮಂಡಿಯ ಮೇಲಿಟ್ಟುಕೊಂಡೆ.

"ಟೈಮ್ ಆಯ್ತಲ್ರೀ" ಎಂದಳು, ಗಾಬರಿಯಿಂದ.

ಇನ್ನೊಂದು ಕಾಲು ಕೊಡು ಎಂದೆ.