ಮಹಡಿ ಮನೆಯವನ ರಬ್ಬರ್ ಕಪ್ಪೆ

ಹೋದ ವಾರ ಸಿಂಗಸಂದ್ರದಲ್ಲಿ ತಂಗಿಯ ಮಗನ ಗೃಹಪ್ರವೇಶ. ಊಟ ಆದ ಮೇಲೆ ತಟ್ಟೆಯಲ್ಲಿ ಸೋಂಪು ಕಾಳು ಮುಂದೆ ಹಿಡಿದರು. ಎಲ್ಲರೂ ಚಿಟಿಕೆ ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಂಡರು. ನನಗೆ ಆಗಲಿಲ್ಲ. ಆ ವಾಸನೆ ಮೂಗಿಗೆ ಬಿದ್ದಿದ್ದೇ ತಡ, ನಮ್ಮ ಮಹಡಿ ಮನೆಯಲ್ಲಿ ಬಾಡಿಗೆಗಿದ್ದವನು ಕಣ್ಣೆದುರು ಬಂದು ನಿಂತ. ಅವನ ಗಾಳದ ಡಬ್ಬಿ ತೆರೆದರೆ ಇದೇ ವಾಸನೆ. ಒಳಗೆ ರಬ್ಬರಿನ ಹುಳ, ರಬ್ಬರಿನ ಮೀನು, ರಬ್ಬರಿನ ಕಪ್ಪೆ... ಮೀನಿಗೆ ಹಿಡಿಸಲಿ ಅಂತ ಅವಕ್ಕೆ ಸೋಂಪಿನ ಎಣ್ಣೆ ಸೇರಿಸಿರುತ್ತಾರಂತೆ.

ನಾಲ್ಕು ವರ್ಷದ ಹಿಂದಿನ ಮಾತು. ಅವನು ಪೀಣ್ಯದ ಕಾರ್ಖಾನೆಯಲ್ಲಿ ಪ್ಲಾಸ್ಟಿಕ್ ಸಾಮಾನಿಗೆ ಅಚ್ಚು ಮಾಡುವವನು. ರಾಜಗೋಪಾಲನಗರದ ಮನೆ ಬಿಟ್ಟು ಸರ್ಜಾಪುರದ ಪಕ್ಕ ನಮ್ಮ ಊರಿಗೆ ಬಂದಿದ್ದು ಹೆಂಡತಿಯ ಸಲುವಾಗಿ. ಆಕೆಯ ಗಂಟಲಲ್ಲಿ ಗಡ್ಡೆ. ತೋರಿಸುವ ಆಸ್ಪತ್ರೆ ನಮ್ಮ ಕಡೆಯೇ ಇತ್ತು. ಬಂದಾಗಲೇ ಆಕೆ ಎಲುಬಿನ ಗೂಡು. ಗಂಜಿ ಇಳಿಯುತ್ತಿತ್ತು, ಮೆತ್ತಗೆ ಕಲೆಸಿದ ಅನ್ನವೂ ಇಳಿಯುತ್ತಿತ್ತು, ಆದರೆ ಆಕೆಗೆ ಯಾವುದೂ ಬೇಡ. ಒಂದು ದಿನ ತಾನಾಗಿಯೇ ಬಾಯಿಬಿಟ್ಟು ಕೇಳಿದಳು. ಕೆರೆಯ ಕೊರವ ಮೀನಿನ ಸಾರಾದರೆ ಉಣ್ಣುತ್ತೇನೆ ಅಂತ. ಅವನು ಮಾರ್ಕೆಟ್ಟಿಂದ ಕೊರವ ತಂದು ಮಾಡಿದ. ತೊಟ್ಟಿಯಲ್ಲಿ ಸಾಕಿದ ಮೀನು, ಮೇವಿನ ವಾಸನೆ ಅಂತ ಕಕ್ಕಿಬಿಟ್ಟಳು. ಅವತ್ತಿನಿಂದ ಅವನಿಗೆ ಒಂದೇ ಹುಚ್ಚು. ಕೆರೆಯದೇ ಒಂದು ಕೊರವ ಹಿಡಿಯಬೇಕು. ಅವಳ ಗಂಟಲು ಮುಚ್ಚಿಹೋಗುವುದರೊಳಗೆ ಹಿಡಿಯಬೇಕು.

ಹುಟ್ಟಿದಾಗಿನಿಂದ ಗಾಳ ಮುಟ್ಟಿದವನಲ್ಲ. ಈಜು ಬರುವುದಿಲ್ಲ. ನಮ್ಮ ಕೆರೆಯ ದಡದಲ್ಲಿ ಜೊಂಡು, ತೊಡೆಯುದ್ದ ಕೆಸರು. ದಡದಿಂದ ಎಸೆದರೆ ದಾರ ಜೊಂಡಿಗೇ ಮೀಸಲು. ಅದಕ್ಕೆ ಜೊತೆ ಕೆಲಸದವರು ಯಾರೋ ತಮ್ಮಲ್ಲಿ ಸುಮ್ಮನೆ ಬಿದ್ದಿದ್ದ ಹಳದಿ ಪ್ಲಾಸ್ಟಿಕ್ ದೋಣಿ ಕೊಟ್ಟರು. ಕಯಾಕ್ ಅಂತ ಅದಕ್ಕೆ ಹೆಸರು. ಒಬ್ಬನೇ ಕಾಲು ಚಾಚಿ ಕೂರುವಂಥದು. ಅದನ್ನು ತಲೆಯ ಮೇಲೆ ಹೊತ್ತು ಬೀದಿಗೆ ಇಳಿದರೆ ಟೀ ಅಂಗಡಿ ಮುಂದಿನವರು, "ಏನ್ ಗುರು, ಬಾಳೆಹಣ್ಣು ಎಲ್ಲಿಗೆ ಹೊರಡ್ತು" ಅಂತ ನಗುತ್ತಿದ್ದರು. ಅವನ ಪಾಡಿಗೆ ಅವನು ಹೊತ್ತುಕೊಂಡು ಹೋದ.

ಮೊದಲ ದಿನವೇ ದೋಣಿ ಮಗುಚಿ ನೀರಿಗೆ ಬಿದ್ದ. ಮೈಗೆ ತೇಲುವ ಜಾಕೆಟ್ಟು ಇದ್ದಿದ್ದಕ್ಕೆ ಬದುಕಿದ. ನಾನು ಕೆರೆ ಏರಿಯ ಮೇಲೆ ಹಸುವಿಗೆ ಹುಲ್ಲು ಕುಯ್ಯುತ್ತಿದ್ದೆ.

"ಕುಂಡಿ ಊರಿ ಕೂತ್ಕಳಪ್ಪ. ಎದ್ದೆದ್ದು ನೋಡಿದ್ರೆ ಮೀನೇನು ಕೈ ಬೀಸ್ತದಾ?" ಅಂದೆ.

"ಅಮ್ಮ, ನಿಮ್ ಮನೆಯೋರು ಇದೇ ಕೆರೇಲಿ ಬಲೆ ಬಿಡ್ತಿದ್ರಂತೆ. ಹೇಳ್ಕೊಡಿ," ಅಂದ.

"ಆ ರಬ್ಬರ್ ತಿನ್ನಾಕೆ ಮೀನಿಗೇನು ತಲೆ ಕೆಟ್ಟದಾ? ಎರೆಹುಳ ಹಾಕು."

"ಹಾಕ್ದೆ ಅಮ್ಮ. ಬರೀ ಜಿಲೇಬಿ ಮೀನೇ ಬಂದು ಕಿತ್ಕೊಂಡ್ ಹೋಗ್ತವೆ. ರಬ್ಬರ್ ಕಪ್ಪೆಗೆ ಸಣ್ಣವು ಬಾಯಿ ಹಾಕಲ್ಲ. ಹೊಡೆದ್ರೆ ಕೊರವನೇ ಹೊಡೀಬೇಕು."

ಅದು ನಿಜವೇ. ಕೊಕ್ಕೆಯ ಮೊನೆಯನ್ನು ಕಪ್ಪೆಯ ಮೆತ್ತನೆ ಮೈಗೆ ಒತ್ತಿ ಮರೆಮಾಡುತ್ತಿದ್ದ. ಜೊಂಡಿನ ಮೇಲೆ ಎಳೆದರೆ ಎಲ್ಲೂ ಸಿಕ್ಕುವುದಿಲ್ಲ, ಮೀನು ಅದುಮಿ ಕಚ್ಚಿದಾಗ ಮಾತ್ರ ಮೊನೆ ಹೊರಗೆ ಬರುತ್ತದೆ. ಅಚ್ಚಿನ ಕೆಲಸದ ಕೈ, ಬೇಗ ಕಲಿಯಿತು. ಗಾಳಿಗೆ ದೋಣಿ ಓಡದಂತೆ ಹಗ್ಗಕ್ಕೆ ಕಲ್ಲು ಕಟ್ಟಿ ಬಿಡಲು ನಾನೇ ಹೇಳಿಕೊಟ್ಟೆ. ಕೊರವ ಕಚ್ಚಿದ ಕೂಡಲೇ ಎಳೆಯಬಾರದು, ಮೂರು ಎಣಿಸಿ ಎಳೆಯಬೇಕು ಅಂತಲೂ ಹೇಳಿದೆ. ಎಲ್ಲ ಹೇಳಿದೆ. ಮೀನು ಎಲ್ಲಿದೆ ಅನ್ನುವುದೊಂದನ್ನು ಹೇಳಲಿಲ್ಲ.

ಅದು ನನಗೆ ಗೊತ್ತಿತ್ತು. ತೂಬಿನ ಹತ್ತಿರ ನೀರಿನ ಮೇಲೆ ಕೆಂಪು ಮರಿಗಳ ಗುಂಪು ಕುದಿಯುವ ಹಾಗೆ ಆಡುತ್ತಿತ್ತು. ಮರಿ ಅಲ್ಲಿದ್ದರೆ ತಾಯಿ ಕೊರವ ಕೆಳಗೇ ಇರುತ್ತದೆ. ಹತ್ತಿರ ಏನು ಬಂದರೂ ಹೊಡೆಯುತ್ತದೆ. ಕಪ್ಪೆ ಎಸೆದರೆ ಮೊದಲ ಏಟಿಗೇ ಸಿಗುತ್ತಿತ್ತು. ಆದರೆ ನಮ್ಮ ಮನೆಯಲ್ಲಿ ಅದಕ್ಕೆ ಬಾಣಂತಿ ಕೊರವ ಅನ್ನುವುದು. ಮರಿಯ ಕೆಂಪು ಹೋಗಿ ಮೈ ಕಪ್ಪಾಗಿ ಅವು ಚದುರುವ ತನಕ ಮುಟ್ಟುವ ಹಾಗಿಲ್ಲ. ಬಲೆಗೆ ಬಿದ್ದರೂ ಬಿಡಬೇಕು. ನನ್ನ ಗಂಡ ಒಮ್ಮೆ ಬಿಡಲಿಲ್ಲ. ಆ ವರ್ಷವೇ ನನ್ನ ಮೂರು ತಿಂಗಳ ಕೂಸು ಹೋಯಿತು. ಅದಕ್ಕೂ ಇದಕ್ಕೂ ಏನು ಸಂಬಂಧವೋ... ಭಯ ಮಾತ್ರ ಉಳಿಯಿತು.

ಮರಿ ಕಪ್ಪಾಗಲಿ, ಆಮೇಲೆ ಹೇಳೋಣ ಅಂದುಕೊಂಡೆ. ದಿನಾ ಹುಲ್ಲಿಗೆ ಹೋದಾಗ ನೋಡುತ್ತಿದ್ದೆ. ಇನ್ನೂ ಕೆಂಪು. ಅವನು ಅತ್ತ ಕೋಡಿಯ ಕಡೆ ಬರಿದೇ ಎಸೆಯುತ್ತಿದ್ದ. ಬೆಳಕು ಹರಿಯುವ ಮೊದಲೇ ಹೋಗುವುದು, ಬಿಸಿಲೇರಿದ ಮೇಲೆ ಬರಿಗೈಯಲ್ಲಿ ಬರುವುದು. ಕೈಯೆಲ್ಲ ಬೊಬ್ಬೆ. ಮೆಟ್ಟಿಲು ಹತ್ತುವ ಮುಂಚೆ ಸ್ವಲ್ಪ ಹೊತ್ತು ಕೆಳಗೆ ನಿಲ್ಲುತ್ತಿದ್ದ. ಮೇಲಿಂದ ಆಕೆ, "ಸಿಕ್ತಾ?" ಅಂತ ಕೇಳುವುದು ನನ್ನ ಅಡುಗೆಮನೆಗೂ ಕೇಳಿಸುತ್ತಿತ್ತು. ಕೊನೆಕೊನೆಗೆ ಆ ದನಿಯೂ ಕೇಳಿಸುತ್ತಿರಲಿಲ್ಲ.

ಮೂರು ವಾರ ಕಳೆದವು. ಮರಿಗಳ ಬೆನ್ನು ಕಪ್ಪಾಯಿತು, ಗುಂಪು ಚದುರತೊಡಗಿತು. ಅವತ್ತೇ ಹೇಳಿದೆ. "ತೂಬಿನ ಎಡಕ್ಕೆ ಎಸಿ."

ಮಾರನೆಯ ಬೆಳಿಗ್ಗೆ ಏರಿಯ ಮೇಲೆ ನಿಂತು ನೋಡಿದೆ. ಎರಡನೇ ಎಸೆತಕ್ಕೇ ನೀರು ಸಿಡಿಯಿತು. ಅವನು ಎಳೆಯಲಿಲ್ಲ. ಬಾಯಲ್ಲಿ ಎಣಿಸುತ್ತಿದ್ದುದು ನನಗೆ ಕಾಣಿಸಿತು. ಆಮೇಲೆ ಎಳೆದ. ನನ್ನ ಮೊಳಕೈ ಉದ್ದದ ಕೊರವ. ದೋಣಿಯೊಳಗೆ ಅದನ್ನು ಎರಡು ತೊಡೆಯ ನಡುವೆ ಒತ್ತಿ ಹಿಡಿದುಕೊಂಡು ಕೂತ. ಅಳುತ್ತಿದ್ದ ಅನ್ನಿಸುತ್ತದೆ. ದೂರ ಇತ್ತು, ಸರಿಯಾಗಿ ಗೊತ್ತಾಗಲಿಲ್ಲ.

ಸಾರು ನಾನೇ ಮಾಡಿದೆ. ಖಾರದಪುಡಿ ಹಾಕದೆ ಸ್ವಲ್ಪ ಕಾಳುಮೆಣಸು, ಕೊತ್ತಂಬರಿ ಅರೆದು ಹಾಕಿ ಮಾಡಿದೆ. ಮೇಲೆ ಒಯ್ದೆ. ಅವನು ಚಮಚದಲ್ಲಿ ಬಾಯಿಗೆ ಬಿಟ್ಟ. ಸಾರು ಕಟಬಾಯಿಂದ ಹೊರಗೆ ಹರಿಯಿತು. ಇನ್ನೊಂದು ಚಮಚ ಬಿಟ್ಟ, ಅದೂ ಹರಿಯಿತು. ನಾಲ್ಕು ದಿನದಿಂದ ನೀರೂ ಇಳಿಯುತ್ತಿರಲಿಲ್ಲವಂತೆ. ಆದರೂ ಅವನು ದೋಣಿ ಹೊತ್ತು ಹೋಗುತ್ತಿದ್ದ.

"ವಾಸ್ನೆ ಚೆನ್ನಾಗೈತೆ ಅಮ್ಮ," ಅಂದಳು ಆಕೆ ಉಸಿರಲ್ಲೇ. ಬಟ್ಟಲನ್ನು ಮೂಗಿನ ಹತ್ತಿರ ಹಿಡಿಯಲು ಸನ್ನೆ ಮಾಡಿದಳು. ತಣ್ಣಗಾಗುವ ತನಕ ಅವನು ಹಿಡಿದುಕೊಂಡೇ ಇದ್ದ.

ನಾನು ಇಳಿಯುವಾಗ ಅವನು ಮೆಟ್ಟಿಲ ಮೇಲೆ ಕೇಳಿದ. "ಮೀನು ಅಲ್ಲಿರೋದು ಯಾವಾಗಿಂದ ಗೊತ್ತಿತ್ತು ಅಮ್ಮ?"

ಸುಳ್ಳು ಹೇಳಬಹುದಿತ್ತು. "ಮೂರು ವಾರ," ಅಂದೆ. ಮರಿಯ ವಿಷಯವನ್ನೂ ಹೇಳಿದೆ.

ಅವನು ನನ್ನ ಮುಖ ನೋಡಿದ. "ಮೂರು ವಾರದ್ ಹಿಂದೆ ಅವ್ಳಿಗೆ ಅನ್ನ ಇಳೀತಿತ್ತು," ಅಂದ. ಅಷ್ಟೇ. ಆಮೇಲೆ ಪಾತ್ರೆ ತೊಳೆದು ತಂದು ನನ್ನ ಬಾಗಿಲಲ್ಲಿ ಬೋರಲು ಹಾಕಿ ಹೋದ.

ಆಕೆ ಐದನೇ ದಿನಕ್ಕೆ ತೀರಿಕೊಂಡಳು. ತಿಥಿ ಮುಗಿಸಿ ಅವನು ಮನೆ ಖಾಲಿ ಮಾಡಿದ. ಹೋಗುವಾಗ ನನಗೆ ಕೈ ಮುಗಿದ. ತಪ್ಪಾಯಿತಪ್ಪ ಅನ್ನುವ ಮಾತು ನನ್ನ ಬಾಯಿಗೆ ಬರಲಿಲ್ಲ. ಅವನು ಈಗ ಎಲ್ಲಿದ್ದಾನೋ ಗೊತ್ತಿಲ್ಲ. ಗೊತ್ತಿದ್ದವರನ್ನು ಕೇಳಿದೆ, ಪೀಣ್ಯದ ಕೆಲಸವನ್ನೂ ಬಿಟ್ಟನಂತೆ.

ಈಗ ಕೆರೆಗೆ ಬೇಲಿ ಹಾಕಿದ್ದಾರೆ, ಗಾಳ ಹಾಕುವಂತಿಲ್ಲ. ನಾನು ಮೊದಲೇ ಹೇಳಿದ್ದರೆ ಆಕೆ ಬದುಕುತ್ತಿದ್ದಳು ಅಂತ ನಾನು ಅನ್ನುವುದಿಲ್ಲ. ಸಾಯುವವಳೇ. ಆದರೆ ಕೇಳಿದ್ದನ್ನು ಒಂದು ಹೊತ್ತು ಹೊಟ್ಟೆ ತುಂಬ ಉಂಡು ಸಾಯುತ್ತಿದ್ದಳು. ಆ ಒಂದು ಹೊತ್ತಿನ ಊಟ ತಪ್ಪಿಸಿದ್ದು ನಾನು.